ಮಿಂಟ್‌ನಾಗ ಡಿ ಡ್ರೈವ್ ತೆರೀತದ, ಫೈಲ್ ಮಾತ್ರ ಸೇವ್ ಆಗವಲ್ದು

ಒಂದೇ ಪಿಸಿಯಾಗ ವಿಂಡೋಸ್, ಲಿನಕ್ಸ್ ಮಿಂಟ್ ಎರಡೂ ಅದಾವ, ಮಿಂಟ್‌ನಾಗ ಡಿ ಡ್ರೈವ್‌ಗೆ ಫೈಲ್ ಸೇವ್ ಆಗವಲ್ದು, ನಡುವ ಕರೆಂಟ್ ಹೋಗಿ ಪಿಸಿ ಬಂದ್ ಆಗಿತ್ತು ಅಂತ ನೀವು ಬರೆದೀರಿ. ಬಹುತೇಕ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪಿಸಿ ಲಗೂನ ಶುರು ಆಗಲಿ ಅಂತ ಇರೋ ಸೆಟ್ಟಿಂಗ್) ಕಾರಣ. ಅದು ಆನ್ ಇದ್ರ ಶಟ್‌ಡೌನ್ ಕೊಟ್ರೂ ವಿಂಡೋಸ್ ಪೂರ್ತಿ ಬಂದ್ ಆಗಂಗಿಲ್ಲ, ಡ್ರೈವ್ ಇನ್ನೂ ಬಳಕೆಯೊಳಗ ಅದ ಅಂತ ಗುರುತು ಬಿಟ್ಟಿರ್ತದ. ಅದಕ್ಕ ಮಿಂಟ್ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್ ಇಡೋ ಪದ್ಧತಿ) ಡ್ರೈವನ್ನ ಓದಲಿಕ್ಕಷ್ಟೇ ತೆಗೀತದ. ಪರ್ಮಿಶನ್ ಬದಲಿಸಿ ಉಪಯೋಗ ಇಲ್ಲ.

ವಿಂಡೋಸ್‌ನಾಗ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಎಡಕ್ಕ ‘ಚೂಸ್ ವಾಟ್ ದಿ ಪವರ್ ಬಟನ್ಸ್ ಡು’. ಫಾಸ್ಟ್ ಸ್ಟಾರ್ಟಪ್ ಟಿಕ್ ಮಸುಕಾಗಿರ್ತದ. ಮೊದಲು ಮ್ಯಾಲಿನ ‘ಚೇಂಜ್ ಸೆಟ್ಟಿಂಗ್ಸ್’ ಲಿಂಕ್ ಒತ್ರಿ, ಆಮ್ಯಾಲ ಟಿಕ್ ತೆಗೀರಿ. ಸೇವ್ ಮಾಡಿ ಶಟ್‌ಡೌನ್ ಕೊಡ್ರಿ.

ಆದ್ರೂ ಆಗದಿದ್ರ, ನೀವು ಬರೆದಂಗ ಕಲಬುರಗಿ ಬೇಸಿಗೀ ಕರೆಂಟ್ ಹೋಗಿ ಪಿಸಿ ಒಮ್ಮೆಲೇ ಬಂದ್ ಆಗಿದ್ದೂ ಕಾರಣ ಇರಬಹುದು. ವಿಂಡೋಸ್‌ನಾಗೇ ಡಿ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ ಡ್ರೈವ್‌ನಾಗ ದೋಷ ಅದೇನು ನೋಡ್ರಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮ್ಯಾಲ ಫಾಸ್ಟ್ ಸ್ಟಾರ್ಟಪ್ ಟಿಕ್ ಮತ್ತ ಬಂದಿರಬಹುದು, ನೋಡ್ಕೋರಿ.