ಕಸ ಸುಟ್ಟ ಹೊಗೆಯ ಡಯಾಕ್ಸಿನ್ ಜೀನ್‌ಗಳನ್ನೇ ಬದಲಿಸುತ್ತದೆಯೇ?

ಹೊಸಕೆರೆಹಳ್ಳಿಯಲ್ಲಿ ನಿಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ದಿನಾ ಕಸಕ್ಕೆ ಬೆಂಕಿ ಇಡುತ್ತಾರೆ, ಆ ಹೊಗೆಯಿಂದ ಎಳೆಮಗುವಿನ ಜೀನ್‌ಗಳು ಬದಲಾಗುತ್ತವೆಯೇ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲೇ ಜೀವರಸಾಯನಶಾಸ್ತ್ರ ಪಾಠ ಮಾಡುವವಳು ನಾನು. ನಿಮ್ಮ ಆತಂಕಕ್ಕೆ ಅರ್ಥವಿದೆ, ಆದರೆ ಕೆಡುವುದು ಬೇರೆ ಕಡೆ.

ಕ್ಲೋರಿನ್ ಇರುವ ಕಸ ಸುಟ್ಟಾಗ ಹುಟ್ಟುವ ವಿಷ ಡಯಾಕ್ಸಿನ್. ಅದು ಡಿಎನ್‌ಎಯ ಅಕ್ಷರಗಳನ್ನು ನೇರವಾಗಿ ತಿದ್ದುವುದಿಲ್ಲ. ಯಾವ ಜೀನ್ ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬ ಹತೋಟಿಗೇ ಕೈ ಹಾಕುತ್ತದೆ. ಜೀವಕೋಶದಲ್ಲಿರುವ ಎಎಚ್‌ಆರ್ ಎಂಬ ಪ್ರೋಟೀನಿಗೆ ಅದು ಅಂಟಿಕೊಂಡರೆ, ಆ ಪ್ರೋಟೀನು ಕೋಶಕೇಂದ್ರದೊಳಗೆ ಹೋಗಿ ಎಆರ್‌ಎನ್‌ಟಿ ಎಂಬ ಜೊತೆಗಾರನೊಂದಿಗೆ ಡಿಎನ್‌ಎ ಮೇಲೆ ಗೊತ್ತಾದ ಜಾಗಗಳಲ್ಲಿ ಕೂರುತ್ತದೆ. ಹೊರಗಿನ ಪದಾರ್ಥಗಳನ್ನು ಒಡೆಯುವ ಕಿಣ್ವಗಳನ್ನು ತಯಾರಿಸುವ ಸಿವೈಪಿ1ಎ1 ಮೊದಲಾದ ಜೀನ್‌ಗಳು ಚುರುಕಾಗುತ್ತವೆ.

ಎಎಚ್‌ಆರ್ ನಮಗೆ ಬೇಕಾದದ್ದೇ. ಎಲೆಕೋಸು ತಿಂದಾಗ ಹೊಟ್ಟೆಯಲ್ಲಿ ಹುಟ್ಟುವ ಕೆಲವು ಪದಾರ್ಥಗಳೂ ಅದನ್ನು ಎಬ್ಬಿಸುತ್ತವೆ. ಹಾಗೆ ತಯಾರಾದ ಕಿಣ್ವಗಳು ಸಾಮಾನ್ಯವಾಗಿ ಎಬ್ಬಿಸಿದ ಪದಾರ್ಥವನ್ನೇ ಒಡೆದುಹಾಕುತ್ತವೆ, ಎಎಚ್‌ಆರ್ ಸುಮ್ಮನಾಗುತ್ತದೆ. ಡಯಾಕ್ಸಿನ್‌ಗಳಲ್ಲೇ ಘೋರವಾದ ಟಿಸಿಡಿಡಿ ಮಾತ್ರ, ಅಂಚುಗಳಲ್ಲಿ ನಾಲ್ಕು ಕ್ಲೋರಿನ್ ಪರಮಾಣುಗಳನ್ನು ಹೊತ್ತಿರುವುದರಿಂದ, ಆ ಕಿಣ್ವಗಳಿಗೆ ಬಗ್ಗುವುದಿಲ್ಲ. ಕೊಬ್ಬಿನಲ್ಲಿ ಅಡಗಿ ಕೂರುತ್ತದೆ. ದೊಡ್ಡವರ ಮೈಯಲ್ಲಿ ಅದು ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಹಿಡಿಯುತ್ತದೆ. ಅಷ್ಟು ಕಾಲವೂ ಆ ಜೀನ್‌ಗಳಿಗೆ ಬಿಡುವಿಲ್ಲ. ನನ್ನನ್ನು ನಿಜಕ್ಕೂ ಕಾಡುವುದು ಇದು.

1976ರ ಜುಲೈ 10ರಂದು ಇಟಲಿಯ ಸೆವೆಸೊ ಬಳಿಯ ಕಾರ್ಖಾನೆಯಿಂದ ಟಿಸಿಡಿಡಿ ಮೋಡ ಹೊರಬಿತ್ತು. ಮಕ್ಕಳ ಮುಖದ ಮೇಲೆ ಕ್ಲೋರಾಕ್ನೆ ಎಂಬ ಗುಳ್ಳೆಗಳೆದ್ದವು. ಮುಂದೆ, ರಕ್ತದಲ್ಲಿ ಹೆಚ್ಚು ವಿಷವಿದ್ದ ತಂದೆಯರಿಗೆ ಗಂಡುಮಕ್ಕಳು ಕಡಿಮೆ ಹುಟ್ಟಿದರು. ಅದು ಬಹಳ ದೊಡ್ಡ ಪ್ರಮಾಣದ ವಿಷ. ಬೀದಿ ಬೆಂಕಿಯನ್ನು ಅದಕ್ಕೆ ಹೋಲಿಸಿ ಹೆದರಬೇಡಿ.

ನಮ್ಮ ಮೈ ಸೇರುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಬರುವುದು ಆಹಾರದಿಂದ, ಮುಖ್ಯವಾಗಿ ಹಾಲು, ಮಾಂಸ, ಮೀನಿನ ಕೊಬ್ಬಿನಿಂದ. ಕಸ ಸುಟ್ಟ ಸೈಟುಗಳಲ್ಲೇ ಹಸುಗಳು ಮೇಯುವುದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ತಾಯಿಯ ಕೊಬ್ಬಿನಿಂದ ಎದೆಹಾಲಿಗೂ ಸ್ವಲ್ಪ ಡಯಾಕ್ಸಿನ್ ಇಳಿಯುತ್ತದೆ, ಹಾಗಂತ ಎದೆಹಾಲು ನಿಲ್ಲಿಸಬೇಡಿ. ಕೊಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಗೆಯ ಸಣ್ಣ ಕಣಗಳು ಶ್ವಾಸಕೋಶಕ್ಕೆ ಕೆಟ್ಟವು, ಆ ಹೊತ್ತಿನಲ್ಲಿ ಕಿಟಕಿ ಮುಚ್ಚಿ.

ಅಲ್ಲಿ ಪಿವಿಸಿ ವೈರು ಸುಡುತ್ತಿದ್ದಾರೆಯೇ ಗಮನಿಸಿ. ಪಿವಿಸಿಯಲ್ಲಿ ಕ್ಲೋರಿನ್ ಇದೆ, ಒಳಗಿನ ತಾಮ್ರ ಡಯಾಕ್ಸಿನ್ ಹುಟ್ಟುವ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ. ಪಾಲಿಕೆಗೆ ದೂರು ಬರೆಯುವಾಗ ಆ ಆದೇಶವನ್ನು ಹೆಸರಿಸಿ, ಉರಿಯುತ್ತಿರುವ ವೈರಿನ ಫೋಟೋ ಲಗತ್ತಿಸಿ.