ಹೈಡ್ರೋಜನ್ ಪೆಟ್ರೋಲಿನ ಜಾಗ ತುಂಬಬಲ್ಲದೇ?

ಕಾರು, ಬೈಕುಗಳ ಮಟ್ಟಿಗೆ ಕಷ್ಟ ಎಂದೇ ನನ್ನ ಉತ್ತರ. ಹೈಡ್ರೋಜನ್ ಕಚ್ಚಾ ತೈಲದಂತೆ ಬಾವಿಯಿಂದ ಎತ್ತಿ ತರುವ ಇಂಧನವಲ್ಲ. ಬೇರೆ ಶಕ್ತಿ ಖರ್ಚು ಮಾಡಿ ತಯಾರಿಸಬೇಕು. ಇಂದಿಗೂ ಅದರ ಬಹುಪಾಲು ಬರುವುದು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ. ಹಾಗೆ ಮಾಡಿದರೆ ಹೊಗೆಯ ಜಾಗ ಬದಲಾಗುತ್ತದೆ, ಅಷ್ಟೇ.

ನೀರನ್ನು ಒಡೆದು ಮಾಡೋಣ ಎಂದರೆ, 1 ಕಿಲೋ ಹೈಡ್ರೋಜನ್‌ಗೆ ಸುಮಾರು 50-55 ಯೂನಿಟ್ ಕರೆಂಟ್ ಬೇಕು. ಅದರಲ್ಲಿ ಉಳಿಯುವುದು 33 ಯೂನಿಟ್. ಕಾರಿನ ಫ್ಯೂಯೆಲ್ ಸೆಲ್ ಅದನ್ನು ಮತ್ತೆ ಕರೆಂಟಾಗಿಸುವಾಗ ಹೆಚ್ಚುಕಡಿಮೆ ಅರ್ಧ ಬಿಸಿಯಾಗಿ ಹೋಗುತ್ತದೆ. ಮೇಲೆ, 700 ಬಾರ್ ಒತ್ತಡದಲ್ಲಿ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 700 ಪಟ್ಟು) ಟ್ಯಾಂಕಿಗೆ ತುಂಬುವ ಖರ್ಚು ಬೇರೆ. ಪಾವಗಡದ ಸೋಲಾರ್ ಪಾರ್ಕಿನ ಅದೇ ಕರೆಂಟನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೆ ಮುಕ್ಕಾಲು ಪಾಲಿನಷ್ಟು ಚಕ್ರಕ್ಕೆ ತಲುಪುತ್ತದೆ. ಹಾಗಾಗಿ ರಸ್ತೆಯಲ್ಲಿ ಬ್ಯಾಟರಿಯೇ ಸರಿ.

ಹೈಡ್ರೋಜನ್ ನಿಜಕ್ಕೂ ಬೇಕಾಗಿರುವುದು ಬ್ಯಾಟರಿ ಕೈಚೆಲ್ಲುವ ಕಡೆ. ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. ಉಕ್ಕಿನ ಕಾರ್ಖಾನೆಯಲ್ಲಿ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಬದಲು ಹೈಡ್ರೋಜನ್ ಬಳಸಿದರೆ ಅದಿರಿನ ಆಮ್ಲಜನಕ ಇಂಗಾಲದ ಡೈಆಕ್ಸೈಡ್ ಆಗದೆ ನೀರಾವಿಯಾಗಿ ಹೊರಬರುತ್ತದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್, ಅಂದರೆ ಸೌರ, ಗಾಳಿಯಂಥ ಶಕ್ತಿಯಿಂದ ಮಾಡಿದ ಹೈಡ್ರೋಜನ್, ತಯಾರಿಸುವ ಗುರಿ ಇಟ್ಟುಕೊಂಡಿತ್ತು. ಅದು ಮೊದಲು ಹೋಗಬೇಕಾದ್ದು ಇಂಥ ಕಾರ್ಖಾನೆಗಳಿಗೆ.