ವ್ಯಾಯಾಮ ಮಾಡಿ ತಣ್ಣೀರು ಸ್ನಾನ ಮಾಡಿದರೆ ಹಾರ್ಮೋನಿನಿಂದಲೇ ಕೊಬ್ಬು ಕರಗುತ್ತಾ?

ಪೂರ್ತಿ ಸುಳ್ಳಲ್ಲ, ಆದರೆ ನೀವು ಅಂದುಕೊಂಡಷ್ಟು ಸಲೀಸೂ ಅಲ್ಲ. ನಾನೂ ವ್ಯಾಯಾಮದ ಹಾರ್ಮೋನ್ ಅಂತ ಹೆಸರಾದ ಐರಿಸಿನ್ ಬಗ್ಗೆ ಓದಿ ಹುರುಪೆದ್ದು ಎರಡು ತಿಂಗಳು ಬೆಳಬೆಳಗ್ಗೆ ತಣ್ಣೀರು ಸುರಿದುಕೊಂಡವನೇ. ತೂಕ ಇಳಿಯಲಿಲ್ಲ, ಹಸಿವು ಮಾತ್ರ ಜಾಸ್ತಿ ಆಯಿತು.

ಇಲ್ಲಿ ದೊಡ್ಡ ಕೆಲಸ ದೇಹವನ್ನು ಚುರುಕುಗೊಳಿಸುವ ಹಾರ್ಮೋನಾದ ನಾರ್‌ಅಡ್ರಿನಲಿನ್‌ದು. ಓಡಿದರೂ ಅದು ಏರುತ್ತದೆ, ಚಳಿಗೆ ಮೈಯೊಡ್ಡಿದರೂ ಏರುತ್ತದೆ. ಅದು ಕೊಬ್ಬಿನ ಕೋಶವನ್ನು ತಟ್ಟಿದರೆ ಒಳಗೆ ಕೂಡಿಟ್ಟ ಕೊಬ್ಬು ಒಡೆದು ಫ್ಯಾಟಿ ಆ್ಯಸಿಡ್ ಮತ್ತು ಗ್ಲಿಸರಾಲ್ ಆಗಿ ರಕ್ತಕ್ಕೆ ಬರುತ್ತದೆ. ಬಹಳ ಜನ ಎಡವುವುದು ಇಲ್ಲೇ. ಹೊರಗೆ ಬಂದ ಕೊಬ್ಬೆಲ್ಲ ಉರಿದುಹೋಯಿತು ಅಂತಲ್ಲ, ಸ್ನಾಯುಗಳು ಅದನ್ನು ಬಳಸಿಕೊಳ್ಳಬೇಕು, ಇಲ್ಲದಿದ್ದರೆ ಒಂದು ಸುತ್ತು ಹೊಡೆದು ವಾಪಸ್ ಕೊಬ್ಬಾಗಿಯೇ ಕೂರುತ್ತದೆ. ಊಟದ ನಂತರ ಇನ್ಸುಲಿನ್ ಏರಿದರಂತೂ ಕೊಬ್ಬು ಹೊರಬರುವುದೇ ಕಡಿಮೆಯಾಗುತ್ತದೆ.

ಚಳಿಗೆ ಇನ್ನೊಂದು ದಾರಿ ಇದೆ: ಕಂದು ಕೊಬ್ಬು. ಕತ್ತಿನ ಬುಡದಲ್ಲಿ, ಬೆನ್ನುಮೂಳೆಯ ಅಕ್ಕಪಕ್ಕ ಇರುವ ಇದರಲ್ಲಿ ಯುಸಿಪಿ1 ಎಂಬ ಪ್ರೋಟೀನ್ ಇದ್ದು, ಅದರಿಂದಾಗಿ ಕೊಬ್ಬು ಉರಿದು ನೇರವಾಗಿ ಶಾಖವಾಗುತ್ತದೆ. ಎಳೆಗೂಸುಗಳಿಗೆ ಮಾತ್ರ ಮುಖ್ಯ ಅಂದುಕೊಂಡಿದ್ದ ಇದು ದೊಡ್ಡವರಲ್ಲೂ ಕೆಲಸ ಮಾಡುತ್ತದೆ ಎಂದು 2009ರಲ್ಲಿ, ದೇಹದಲ್ಲಿ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ಗಳಿಂದ ಖಚಿತವಾಯಿತು. ಇರುವುದು ಸ್ವಲ್ಪವೇ, ಅದೂ ಒಬ್ಬೊಬ್ಬರಲ್ಲಿ ಒಂದೊಂದು ಥರ.

ಇನ್ನು ಐರಿಸಿನ್. 2012ರಲ್ಲಿ ವಿಜ್ಞಾನಿ ಬ್ರೂಸ್ ಸ್ಪೀಗೆಲ್‌ಮನ್ ಅವರ ತಂಡ ಇದನ್ನು ಕಂಡುಹಿಡಿದು, ಗ್ರೀಕರ ದೂತದೇವತೆ ಐರಿಸ್‌ಳ ಹೆಸರಿಟ್ಟಿತು. ವ್ಯಾಯಾಮ ಮಾಡಿದಾಗ ಸ್ನಾಯುವಿನಿಂದ ಹೊರಬಂದು, ಇಲಿಗಳ ಬಿಳಿ ಕೊಬ್ಬನ್ನು ಕಂದು ಕೊಬ್ಬಿನ ಥರ ಮಾಡುತ್ತದೆ ಎಂಬುದು ಆಗಿನ ಸುದ್ದಿ. ಆಮೇಲೆ ಶುರುವಾಯಿತು ಜಗಳ. ಅಳೆಯುವ ಕಿಟ್‌ಗಳು ಬೇರೆ ಪ್ರೋಟೀನನ್ನೇ ಐರಿಸಿನ್ ಅಂತ ತೋರಿಸುತ್ತಿವೆ ಎಂದು ಕೆಲವರು, ಮನುಷ್ಯರ ಜೀನ್‌ನಲ್ಲಿ ಅದು ಸರಿಯಾಗಿ ತಯಾರಾಗುವುದೇ ಅನುಮಾನ ಎಂದು ಇನ್ನು ಕೆಲವರು. 2015ರಲ್ಲಿ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಅಳೆದಾಗ ಸಿಕ್ಕಿತೇನೋ ನಿಜ, ಆದರೆ ಎಷ್ಟು? ಸುಮ್ನೆ ಕೂತಿರುವವರ ರಕ್ತದಲ್ಲಿ ಮಿಲಿಲೀಟರಿಗೆ ಸುಮಾರು 3.6 ನ್ಯಾನೋಗ್ರಾಂ, ವ್ಯಾಯಾಮ ಮಾಡುವವರಲ್ಲಿ 4.3. ಇಷ್ಟು ವ್ಯತ್ಯಾಸ ನಂಬಿ ಯಾರಾದರೂ ತೂಕ ಇಳಿಸಲು ಹೊರಡುತ್ತಾರಾ?

ಹಾಗಾಗಿ ನನ್ನ ಕೇಳಿದರೆ ಓಟವೋ ನಡಿಗೆಯೋ ಬಿಡಬೇಡಿ, ಅಲ್ಲಿ ಬಿಡುಗಡೆಯಾದ ಕೊಬ್ಬನ್ನು ಉರಿಸಲು ಸ್ನಾಯುಗಳು ಅಲ್ಲೇ ದುಡಿಯುತ್ತಿರುತ್ತವೆ. ಎರಡು ನಿಮಿಷದ ತಣ್ಣೀರು ಖುಷಿಗೆ ಸರಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ಐಸ್ ನೀರಿನ ಸಹವಾಸ ಬೇಡ, ಅದೇ ನಾರ್‌ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿ ಮಾಡಿ ಬಿಪಿ ದಿಢೀರನೆ ಏರಿಸುತ್ತದೆ.